ಬಾಲಿಯ ಚಿತ್ರ ತೆಗೆಯುವವರಿಗೂ ಅಚ್ಚು ಹಾಕುವವರಿಗೂ ಒಂದು ಅರಿಕೆ

ಸಂಪಾದಕರಿಗೆ,

ಮಾನ್ಯರೆ,

ತಮ್ಮ ಪತ್ರಿಕೆಯ ಪ್ರವಾಸ ಪುರವಣಿಯಲ್ಲಿ ಇತ್ತೀಚೆಗೆ ಪ್ರಕಟವಾದ ಬಾಲಿ ದ್ವೀಪದ ಚಿತ್ರಲೇಖನವನ್ನು ಆಸಕ್ತಿಯಿಂದ ಓದಿದೆ. ಕನ್ನಡದ ಪತ್ರಿಕೆಯೊಂದು ಛಾಯಾಚಿತ್ರಗಳಿಗೆ ಇಷ್ಟು ಜಾಗ ಕೊಟ್ಟದ್ದು, ಕ್ಯಾಮೆರಾ ಹಿಡಿದು ಊರೂರು ಸುತ್ತುವ ಹವ್ಯಾಸವಿರುವ ನನ್ನಂಥವರಿಗೆ ನಿಜಕ್ಕೂ ಸಂತೋಷದ ಸಂಗತಿ. ಆದರೆ ಮುಖ್ಯಚಿತ್ರವಾಗಿ ಅಚ್ಚಾದ ಲೆಂಪುಯಾಂಗ್ ದೇವಾಲಯದ ದ್ವಾರ, ಆ ಚಿತ್ರದ ಕೆಳಗೆ ಸರೋವರವನ್ನು ಬಣ್ಣಿಸಿದ ಅಡಿಬರಹ, ಲೇಖನದ ಉದ್ದಕ್ಕೂ ಮತ್ತೆ ಮತ್ತೆ ಬಂದ ‘ನಮ್ಮದೇ ಹಿಂದೂ ದ್ವೀಪ’ ಎಂಬ ಮಾತು, ಇವು ಮೂರೂ ಸೇರಿ ಈ ಪತ್ರವನ್ನು ಬರೆಸುತ್ತಿವೆ. ಬೆಂಗಳೂರಿನಿಂದ ಬಾಲಿಯ ಡೆನ್‌ಪಸಾರ್‌ಗೆ 2024ರ ಮಾರ್ಚ್ ಕೊನೆಯಲ್ಲಿ ನೇರ ವಿಮಾನ ಆರಂಭವಾಯಿತು. ಆ ದ್ವೀಪಕ್ಕೆ ಬರುವ ವಿದೇಶಿ ಪ್ರವಾಸಿಗರಲ್ಲಿ ಈಚಿನ ವರ್ಷಗಳಲ್ಲಿ ಆಸ್ಟ್ರೇಲಿಯಾದವರ ನಂತರದ ಸ್ಥಾನ ಭಾರತೀಯರದ್ದು. ಹೀಗಿರುವಾಗ ಕನ್ನಡ ಓದುಗರ ಕೈಗೆ ಬಾಲಿಯ ಎಂಥ ಚಿತ್ರವನ್ನು, ಯಾವ ಮಾತಿನೊಡನೆ ಕೊಡುತ್ತೇವೆ ಎಂಬುದು ಸಣ್ಣ ವಿಷಯವಲ್ಲವೆಂದು ನನ್ನ ಭಾವನೆ.

ಮೊದಲಿಗೆ ಆ ಸರೋವರದ ಮಾತು. ಅದು ಅಲ್ಲಿಲ್ಲ. ದ್ವೀಪದ ಪೂರ್ವಭಾಗದ ಕರಂಗಸೆಮ್ ಸೀಮೆಯಲ್ಲಿರುವ ಪೆನತಾರನ್ ಅಗುಂಗ್ ಲೆಂಪುಯಾಂಗ್ ದೇವಾಲಯದ ಆ ಅಂಗಳದಲ್ಲಿರುವುದು ನೆಲಹಾಸು ಮಾತ್ರ. ಬಂದವರಿಗೆ ಚಿತ್ರ ತೆಗೆದುಕೊಡುವ ಸ್ಥಳೀಯರು ಮೊಬೈಲಿನ ಲೆನ್ಸಿನ ಕೆಳಗೆ ಪುಟ್ಟ ಕನ್ನಡಿಯೊಂದನ್ನು ಹಿಡಿಯುತ್ತಾರೆ. ದ್ವಾರ, ಅದರ ನಡುವೆ ನಿಂತ ಪ್ರವಾಸಿ, ಹಿಂದಿನ ಆಕಾಶ ಎಲ್ಲವೂ ಆ ಕನ್ನಡಿಯಲ್ಲಿ ತಲೆಕೆಳಗಾಗಿ ಮೂಡಿ, ನೋಡಿದವರಿಗೆ ನಿಶ್ಚಲವಾದ ನೀರಿನಂತೆ ತೋರುತ್ತವೆ. ಈ ಸಂಗತಿ 2019ರಲ್ಲಿಯೇ ಹಲವು ದೇಶಗಳ ಪತ್ರಿಕೆಗಳಲ್ಲಿ ಬಂದಿತ್ತು. ಕನ್ನಡಿ ಹಿಡಿಯುವವರನ್ನು ದೂರುವುದು ನನ್ನ ಉದ್ದೇಶವಲ್ಲ. ಅದು ಅವರ ಹೊಟ್ಟೆಪಾಡು, ಗಂಟೆಗಟ್ಟಲೆ ಸರದಿಯಲ್ಲಿ ಕಾದು ಬಂದವರು ಬಯಸುವುದೂ ಅದನ್ನೇ. ಆದರೆ ಪತ್ರಿಕೆ ಅದನ್ನು ಸ್ಥಳದ ಸತ್ಯವೆಂದು ಅಚ್ಚು ಹಾಕಬಾರದು. ಛಾಯಾಗ್ರಹಣ ಸ್ಪರ್ಧೆಗಳ ‘ಟ್ರಾವೆಲ್’ ವಿಭಾಗದಲ್ಲಿ ಸ್ಥಳದಲ್ಲಿಲ್ಲದ ಯಾವುದನ್ನೂ ಚಿತ್ರಕ್ಕೆ ಸೇರಿಸಬಾರದು, ಇದ್ದದ್ದನ್ನು ಅಳಿಸಬಾರದು ಎಂಬ ನಿಯಮವಿದೆ. ಹವ್ಯಾಸಿಗಳು ಪಾಲಿಸುವಷ್ಟು ಕಟ್ಟುನಿಟ್ಟನ್ನು ಪತ್ರಿಕೆಯಿಂದ ನಿರೀಕ್ಷಿಸುವುದು ತಪ್ಪಾಗಲಾರದು.

ಅದಕ್ಕಿಂತಲೂ ನನಗೆ ಮುಖ್ಯವಾಗಿ ಕಾಣುವುದು ಆ ಚಿತ್ರದಲ್ಲಿ ಬಾರದೆ ಹೋದದ್ದು. ನಡುವೆ ಸೀಳಿ ಎರಡು ಹೋಳು ಮಾಡಿದಂತೆ ನಿಂತಿರುವ ಆ ದ್ವಾರವನ್ನು ಅಲ್ಲಿನವರು ಚಂಡಿ ಬೆಂತಾರ್ ಎನ್ನುತ್ತಾರೆ. ಅದು ದೇವಾಲಯದ ಹೊರಬಾಗಿಲು. ಚಿತ್ರ ತೆಗೆಯುವವರು ದೇವಾಲಯಕ್ಕೆ ಬೆನ್ನು ಮಾಡಿ ಹೊರಗಿನ ಅಗುಂಗ್ ಪರ್ವತದ ಕಡೆಗೆ ಕ್ಯಾಮೆರಾ ತಿರುಗಿಸುತ್ತಾರೆ. ಅವರ ಬೆನ್ನ ಹಿಂದೆ ಇಕ್ಕೆಲಗಳಲ್ಲಿ ನಾಗಗಳು ಇಳಿದುಬಂದಿರುವ ಮೂರು ಸಾಲು ಮೆಟ್ಟಿಲುಗಳು ಒಳ ಅಂಗಳಕ್ಕೆ ಏರುತ್ತವೆ. ಅಲ್ಲಿಂದಾಚೆ ಕಾಡಿನ ನಡುವೆ 1,700ರಷ್ಟು ಮೆಟ್ಟಿಲುಗಳನ್ನು ಹತ್ತಿದರೆ ಬೆಟ್ಟದ ನೆತ್ತಿಯಲ್ಲಿ ಲುಹುರ್ ಲೆಂಪುಯಾಂಗ್ ದೇವಾಲಯ ಇದೆ, ಭಕ್ತರು ತೀರ್ಥಕ್ಕಾಗಿ ಹೋಗುವುದು ಅಲ್ಲಿಗೆ. ಇನ್ನು, ದ್ವಾರದ ನಡುವೆ ಕಾಣುವ ಅಗುಂಗ್, 3,000 ಮೀಟರಿಗೂ ಎತ್ತರದ ಜ್ವಾಲಾಮುಖಿ, ಬಾಲಿಯ ಜನರಿಗೆ ದೇವತೆಗಳ ಮತ್ತು ಪಿತೃಗಳ ನೆಲೆ. ಅದರ ತಪ್ಪಲಿನಲ್ಲಿರುವ ಬೆಸಾಕಿ ದೇವಾಲಯವನ್ನು ಅವರು ಎಲ್ಲ ದೇವಾಲಯಗಳ ತಾಯಿ ಎಂದು ಕಾಣುತ್ತಾರೆ. ನೂರು ವರ್ಷಕ್ಕೊಮ್ಮೆ ನಡೆಯಬೇಕಾದ ಏಕಾದಶ ರುದ್ರವೆಂಬ ಮಹಾವಿಧಿ 1963ರಲ್ಲಿ ಬೆಸಾಕಿಯಲ್ಲಿ ನಡೆಯುತ್ತಿದ್ದ ಕಾಲದಲ್ಲಿಯೇ ಅಗುಂಗ್ ಸಿಡಿಯಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು, ಆದರೆ ಲಾವಾ ಬೆಸಾಕಿ ದೇವಾಲಯವನ್ನು ಮುಟ್ಟದೆ ಪಕ್ಕಕ್ಕೆ ಹರಿಯಿತು. ಇಷ್ಟನ್ನು ಅರಿತವರಿಗೆ ಆ ಪರ್ವತ ನಮ್ಮ ಭಂಗಿಗಳಿಗೆ ಹಿನ್ನೆಲೆಯ ಪರದೆಯಾಗಿ ಕಾಣುವುದಿಲ್ಲ.

‘ನಮ್ಮದೇ’ ಎಂಬ ಸಲುಗೆಯ ವಿಚಾರಕ್ಕೆ ಬರುತ್ತೇನೆ. ಅಲ್ಲಿಗೆ ಹೋದ ಕನ್ನಡಿಗರಿಗೆ ರೋಮಾಂಚನವಾಗುವುದು ಸಹಜ. ನಾವು ಸಂಕಲ್ಪದಲ್ಲಿ ಹೇಳುವ ಶಾಲಿವಾಹನ ಶಕೆಯ ವರ್ಷವನ್ನೇ ಬಾಲಿಯವರೂ ಎಣಿಸುತ್ತಾರೆ. ಶಾಲೆಯ ಮಕ್ಕಳು ಹೇಳುವ ತ್ರಿಸಂಧ್ಯಾ ಪ್ರಾರ್ಥನೆ ಗಾಯತ್ರಿಯಿಂದ ಆರಂಭವಾಗುತ್ತದೆ. ಭೀಮ, ಅರ್ಜುನ, ಹನುಮಂತರು ಅವರ ತೊಗಲುಬೊಂಬೆಗಳಲ್ಲಿಯೂ ಇದ್ದಾರೆ. ಆದರೆ ಈ ಸಾಮ್ಯಗಳ ಬಲದಿಂದ ನಮಗೆ ಎಲ್ಲವೂ ತಿಳಿದಿದೆ ಎಂದುಕೊಂಡರೆ ಕಣ್ಣೆದುರಿನದೇ ಕಾಣದೆ ಹೋಗುತ್ತದೆ. ಬಾಲಿಯ ದೇವಾಲಯ ಆಕಾಶಕ್ಕೆ ತೆರೆದ ಅಂಗಳಗಳ ಸಾಲು. ನಮ್ಮಲ್ಲಿರುವಂತೆ ಗರ್ಭಗುಡಿಯಲ್ಲಿ ನಿತ್ಯವೂ ದರ್ಶನ ಕೊಡುವ ಮೂರ್ತಿ ಅಲ್ಲಿಲ್ಲ. ಪದ್ಮಾಸನವೆಂಬ ಎತ್ತರದ ಕಲ್ಲುಕಟ್ಟಡದ ಮೇಲಿನ ಪೀಠ ಖಾಲಿಯಾಗಿಯೇ ಇರುತ್ತದೆ. 210 ದಿನಗಳ ಪವುಕೊನ್ ಪಂಚಾಂಗದಂತೆಯೋ ಚಾಂದ್ರಮಾನದಂತೆಯೋ ಓಡಾಲನ್ ಎಂಬ ದೇವಾಲಯೋತ್ಸವ ಬಂದಾಗ ದೇವತೆಗಳನ್ನು ಬರಮಾಡಿಕೊಂಡು, ನೈವೇದ್ಯ, ಗಾಮೆಲಾನ್ ವಾದ್ಯ, ನೃತ್ಯಗಳಿಂದ ಸತ್ಕರಿಸಿ ಬೀಳ್ಕೊಡುತ್ತಾರೆ. ಉಳಿದ ದಿನಗಳಲ್ಲಿ ಒಳಹೊಕ್ಕ ನಮ್ಮವರು ‘ದೇವರೇ ಇಲ್ಲದ ಗುಡಿ’ ಎಂದು ಗಟ್ಟಿಯಾಗಿ ಹೇಳುತ್ತ, ಆ ಖಾಲಿ ಪೀಠದ ಕಟ್ಟೆಯ ಮೇಲೆಯೇ ಕುಳಿತು ಚಿತ್ರ ತೆಗೆಸಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಅದು ದುರುದ್ದೇಶದಿಂದ ಆದದ್ದಲ್ಲ, ‘ನಾವೂ ಹಿಂದೂಗಳೇ ತಾನೆ’ ಎಂಬ ಭರವಸೆಯಿಂದ ಆದದ್ದು. ಪಕ್ಕದಲ್ಲಿಯೇ ಇದ್ದ ಐರೋಪ್ಯ ದಂಪತಿಗಳು ಏನನ್ನೂ ಮುಟ್ಟದೆ, ಕಾವಲುಗಾರರನ್ನು ಕೇಳಿಯೇ ಕ್ಯಾಮೆರಾ ಎತ್ತಿದ್ದರು.

ಆ ಜನ ತಮ್ಮ ಧರ್ಮವನ್ನು ಉಳಿಸಿಕೊಂಡ ಬಗೆಯನ್ನೂ ನಾವು ತಿಳಿಯಬೇಕು. ಮುಸ್ಲಿಮರು ಬಹುಸಂಖ್ಯಾತರಾಗಿರುವ ಇಂಡೊನೇಷ್ಯಾ ಸ್ವತಂತ್ರವಾದ ಬಳಿಕ, ಬಾಲಿಯವರ ಆಚರಣೆಗೆ ಧರ್ಮವೆಂಬ ಸರ್ಕಾರಿ ಮಾನ್ಯತೆ ತಾನಾಗಿ ದೊರೆಯಲಿಲ್ಲ. 1950ರ ದಶಕದ ಉದ್ದಕ್ಕೂ ಅವರು ಅದಕ್ಕಾಗಿ ಪ್ರಯತ್ನಿಸಬೇಕಾಯಿತು. ಆ ಪ್ರಯತ್ನದ ಫಲವಾಗಿಯೇ 1959ರಲ್ಲಿ ಪರಿಸದ ಎಂಬ ಅವರ ಹಿಂದೂ ಧರ್ಮ ಪರಿಷತ್ತು ಹುಟ್ಟಿತು. ಶಾಂತಿನಿಕೇತನದಲ್ಲಿ ಓದಿ ಮರಳಿದ ಇಡಾ ಬಾಗುಸ್ ಮಂತ್ರ ಅವರು ಮುಂದೆ ಆ ದ್ವೀಪದ ಗವರ್ನರ್ ಆದರು. ಭಾರತದಿಂದ ಅವರು ಪಡೆದದ್ದುಂಟು. ಆದರೆ ಕಟ್ಟಿಕೊಂಡದ್ದು ತಮ್ಮದೇ ಮನೆಯನ್ನು, ತಮ್ಮ ಬಂಜಾರ್‌ಗಳ, ಅಂದರೆ ಕೇರಿಯ ಕೂಟಗಳ, ದುಡಿಮೆಯಿಂದ. ಅಂಥ ಮನೆಗೆ ಹೋದ ನೆಂಟರು ಹೊಸ್ತಿಲಲ್ಲಿ ನಿಂತು ಕೇಳಿ ಒಳಗೆ ಬರಬೇಕು.

ಕ್ಯಾಮೆರಾಕ್ಕೂ ಬಾಲಿಗೂ ಇರುವ ಸಂಬಂಧ ಹಳೆಯದು ಮಾತ್ರವಲ್ಲ, ನೋವಿನದೂ ಹೌದು. 1906ರಲ್ಲಿ ಡಚ್ಚರ ಸೇನೆ ಡೆನ್‌ಪಸಾರ್‌ನ ಅರಮನೆಯತ್ತ ಬಂದಾಗ ಬದುಂಗ್‌ನ ಅರಸ, ಅವನ ಪರಿವಾರ, ಹೆಂಗಸರು, ಮಕ್ಕಳು ಬಿಳಿಯುಡುಗೆ ತೊಟ್ಟು ಹೊರಗೆ ನಡೆದುಬಂದು, ಶರಣಾಗುವುದರ ಬದಲು ಗುಂಡಿಗೂ ತಮ್ಮದೇ ಕಠಾರಿಗಳಿಗೂ ಪ್ರಾಣ ಕೊಟ್ಟರು. 1908ರಲ್ಲಿ ಕ್ಲುಂಗ್‌ಕುಂಗ್‌ನಲ್ಲಿಯೂ ಇದೇ ಆಯಿತು. ಪುಪುತಾನ್ ಎಂದು ಅವರು ಕರೆಯುವ ಈ ಆತ್ಮಾರ್ಪಣೆಗಳ ಸುದ್ದಿ ಯುರೋಪಿನಲ್ಲಿ ಡಚ್ಚರಿಗೆ ಕೆಟ್ಟ ಹೆಸರು ತಂದಿತು. ಅದಾದ ಕೆಲವೇ ವರ್ಷಗಳಲ್ಲಿ, ಬಾಂಗ್ಲಿಯಲ್ಲಿ ಡಚ್ ಸರ್ಕಾರದ ವೈದ್ಯನಾಗಿದ್ದ ಜರ್ಮನಿಯ ಗ್ರೆಗರ್ ಕ್ರೌಸೆ ಅಲ್ಲಿನ ಜನರ ಚಿತ್ರಗಳನ್ನು ತೆಗೆದನು. ಹೊಳೆಯಲ್ಲಿ ಮೀಯುವ ಹೆಂಗಸರು, ಸಂತೆ, ಉತ್ಸವ, ದಹನವಿಧಿ ಎಲ್ಲವೂ ಅವುಗಳಲ್ಲಿದ್ದವು. 1920ರಲ್ಲಿ ಜರ್ಮನಿಯಲ್ಲಿ ಪ್ರಕಟವಾದ ಆ ಚಿತ್ರಗಳನ್ನು ನೋಡಿ ಯುರೋಪಿನ ಕಲಾವಿದರೂ ಸಿರಿವಂತರೂ ಹಡಗು ಹತ್ತಿದರು. ‘ಸ್ವರ್ಗದ್ವೀಪ’ ಎಂಬ ಬಾಲಿ ಹುಟ್ಟಿದ್ದು ಹೀಗೆ. ಚಿತ್ರಗಳು ಸುಳ್ಳಾಗಿರಲಿಲ್ಲ, ಕ್ರೌಸೆಗೆ ಆ ಜನರ ಮೇಲೆ ಪ್ರೀತಿಯೂ ಇತ್ತು. ಆದರೆ ಸ್ನಾನ ಮಾಡುತ್ತಿದ್ದ ಆ ಹೆಣ್ಣುಮಕ್ಕಳಿಗೆ ತಮ್ಮ ಮೈ ಯಾವ ಊರಿನ ಪುಸ್ತಕದಂಗಡಿಯಲ್ಲಿ ಮಾರಾಟಕ್ಕಿದೆ ಎಂಬುದು ಹೇಗೆ ತಿಳಿದೀತು? ಇಂದು ತಂಪಕ್‌ಸಿರಿಂಗ್‌ನ ತೀರ್ಥ ಎಂಪುಲ್ ಪುಣ್ಯಕೊಳದಲ್ಲಿ ಒದ್ದೆ ಬಟ್ಟೆಯಲ್ಲಿ ತಲೆಬಾಗಿ ನಿಂತ ಭಕ್ತೆಯರತ್ತ ಉದ್ದನೆಯ ಲೆನ್ಸುಗಳು ತಿರುಗುವುದನ್ನು ನೋಡುವಾಗ, ಒಂದು ಶತಮಾನದಲ್ಲಿ ಉಪಕರಣ ಬದಲಾಗಿದೆಯೇ ಹೊರತು ನೋಟ ಬದಲಾಗಿಲ್ಲವೆನಿಸುತ್ತದೆ. ಆ ಕೊಳದ ಕೆಲವು ನೀರುಬಾಯಿಗಳು ಸತ್ತವರ ವಿಧಿಗಳಿಗೆಂದೇ ಮೀಸಲು. ಅವುಗಳ ಕೆಳಗೆ ಬದುಕಿರುವವರು ತಲೆಯೊಡ್ಡುವುದಿಲ್ಲ ಎಂಬುದು ತಿಳಿಯದೆ ಅಲ್ಲಿಯೇ ನಿಂತು ಚಿತ್ರ ತೆಗೆಸಿಕೊಳ್ಳುವವರೂ ಇದ್ದಾರೆ.

ಇದಕ್ಕೆ ಬೇರೆಯದಾದ ಮಾದರಿಯೂ ಆ ದ್ವೀಪದಲ್ಲಿಯೇ ಇದೆ. ಮಾನವಶಾಸ್ತ್ರಜ್ಞರಾದ ಮಾರ್ಗರೆಟ್ ಮೀಡ್ ಮತ್ತು ಗ್ರೆಗರಿ ಬೇಟ್ಸನ್ 1936ರಿಂದ 1939ರ ಅವಧಿಯಲ್ಲಿ, ಬಹುಪಾಲು ಬಾಯುಂಗ್ ಗೆಡೆ ಎಂಬ ಬೆಟ್ಟದ ಹಳ್ಳಿಯಲ್ಲಿದ್ದು, ಸುಮಾರು 25,000 ಛಾಯಾಚಿತ್ರಗಳನ್ನು ತೆಗೆದರು. ಬೇಟ್ಸನ್ ಕ್ಯಾಮೆರಾ ಹಿಡಿದಾಗ ಮೀಡ್ ಪಕ್ಕದಲ್ಲಿ ಕುಳಿತು ಸಮಯ, ಸಂದರ್ಭ, ಯಾರು ಯಾರಿಗೆ ಏನು ಮಾಡಿದರು ಎಂಬುದನ್ನು ಬರೆದುಕೊಳ್ಳುತ್ತಿದ್ದರು. ಬಾಲಿಯ ಜನರ ಸ್ವಭಾವದ ಬಗ್ಗೆ ಅವರು ತಲುಪಿದ ತೀರ್ಮಾನಗಳನ್ನು ಆಮೇಲಿನ ವಿದ್ವಾಂಸರು ಒಪ್ಪದಿರುವುದುಂಟು. ಆದರೂ ಚಿತ್ರದ ಜೊತೆಗೆ ಟಿಪ್ಪಣಿ ಇರಲೇಬೇಕೆಂಬ ಅವರ ಶಿಸ್ತು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಟಿಪ್ಪಣಿ ಬರೆಯಬೇಕಾದರೆ ಎದುರಿಗಿರುವವರನ್ನು ಮಾತನಾಡಿಸಬೇಕಾಗುತ್ತದೆ. ಮಾತನಾಡಿಸಿದ ಮೇಲೆ ಅವರು ಬೇಡವೆಂದರೆ ಚಿತ್ರ ತೆಗೆಯಲು ಮನಸ್ಸು ಬರುವುದಿಲ್ಲ.

ಲೇಖನದಲ್ಲಿ ಕೆಚಕ್ ನೃತ್ಯವನ್ನು ‘ಸಾವಿರಾರು ವರ್ಷಗಳ ಪುರಾತನ ಆರಾಧನೆ’ ಎಂದಿದ್ದೀರಿ. ಉಲುವತು ದೇವಾಲಯದ ಬಳಿ ಕಡಲ ಅಂಚಿನ ಬಂಡೆಯ ಮೇಲೆ ಸೂರ್ಯಾಸ್ತದ ವೇಳೆಗೆ ಹತ್ತಾರು ಗಂಡಸರು ವೃತ್ತಾಕಾರವಾಗಿ ಕುಳಿತು ‘ಚಕ್ ಚಕ್’ ಎನ್ನುತ್ತ ತೋಳುಗಳನ್ನು ಬೀಸುವ ಆ ದೃಶ್ಯ ಅದ್ಭುತವಾದದ್ದೇ. ಆದರೆ ರಾಮಾಯಣದ ಕಥೆಯೊಡನೆ ಇಂದು ನಾವು ನೋಡುವ ಕೆಚಕ್ ರೂಪುಗೊಂಡದ್ದು 1930ರ ದಶಕದಲ್ಲಿ. ಸಾಂಗ್ಯಾಂಗ್ ಎಂಬ ಆವೇಶವಿಧಿಯ ಮೇಳಗಾನವನ್ನು ಆಧಾರವಾಗಿಟ್ಟುಕೊಂಡು ಬೆದುಲು ಗ್ರಾಮದ ನರ್ತಕ ವಯಾನ್ ಲಿಂಬಾಕ್ ಮತ್ತು ಉಬುದ್‌ನಲ್ಲಿ ನೆಲೆಸಿದ್ದ ಜರ್ಮನ್ ಚಿತ್ರಕಾರ ವಾಲ್ಟರ್ ಸ್ಪೀಸ್ ಕೂಡಿ ಅದನ್ನು ಬೆಳೆಸಿದರು. ಹೀಗೆ ಹೇಳುವುದರಿಂದ ಕೆಚಕ್‌ನ ಘನತೆ ಕುಗ್ಗುವುದಿಲ್ಲ. ಅದು ನೋಡುಗರಿಗಾಗಿಯೇ ಕಟ್ಟಿದ ಕಲೆಯಾದ್ದರಿಂದ ನಾವು ಟಿಕೆಟ್ ಕೊಂಡು, ಸಂಕೋಚವಿಲ್ಲದೆ ಅದರ ಚಿತ್ರ ತೆಗೆಯಬಹುದು. ಸಾಂಗ್ಯಾಂಗ್ ಹಾಗಲ್ಲ. ಪ್ರವಾಸೋದ್ಯಮದ ಒತ್ತಡ ಏರತೊಡಗಿದಾಗ, 1971ರಲ್ಲಿಯೇ ಬಾಲಿಯ ವಿದ್ವಾಂಸರೂ ಕಲಾವಿದರೂ ಸಭೆ ಸೇರಿ ತಮ್ಮ ನೃತ್ಯಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ದೇವಾಲಯದ ಒಳ ಅಂಗಳದಲ್ಲಿ ದೇವತೆಗಳಿಗೆ ಮಾತ್ರ ಸಲ್ಲುವುದು ವಾಲಿ, ವಿಧಿಗೆ ಜೊತೆಯಾಗಿ ನಡುವಣ ಅಂಗಳದಲ್ಲಿ ನಡೆಯುವುದು ಬೆಬಾಲಿ, ಜನರ ರಂಜನೆಗೆ ಇರುವುದು ಬಾಲಿ-ಬಾಲಿಹಾನ್. 2015ರಲ್ಲಿ ಯುನೆಸ್ಕೊ ಬಾಲಿಯ ನೃತ್ಯಗಳನ್ನು ತನ್ನ ಪಟ್ಟಿಗೆ ಸೇರಿಸಿಕೊಂಡದ್ದೂ ಈ ಮೂರು ಬಗೆಗಳನ್ನೇ ಅನುಸರಿಸಿ. ಪ್ರವಾಸಿ ಛಾಯಾಗ್ರಾಹಕರಿಗೆ ಇದಕ್ಕಿಂತ ಸ್ಪಷ್ಟವಾದ ಮಾರ್ಗಸೂಚಿ ಬೇಕೆ? ನಮ್ಮ ತುಳುನಾಡಿನ ಜನಕ್ಕೆ ಇದನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ. ನೇಮ ನಡೆಯುವಾಗ ದೈವದ ಮುಖಕ್ಕೆ ಮೊಬೈಲು ಹಿಡಿಯುವುದು, ದೈವದ ವೇಷವನ್ನು ಯಾವುದೋ ಮನರಂಜನೆಯ ವೇದಿಕೆಯ ಮೇಲೆ ಅನುಕರಿಸುವುದು ದೈವವನ್ನು ನಂಬಿದವರಿಗೆ ಎಷ್ಟು ನೋವು ಕೊಡುತ್ತದೆಂಬುದನ್ನು ಈಚಿನ ವರ್ಷಗಳಲ್ಲಿ ತಮ್ಮ ಪತ್ರಿಕೆಯೂ ವರದಿ ಮಾಡಿದೆ.

ಗದ್ದೆಗಳ ಚಿತ್ರದ ಬಗ್ಗೆಯೂ ಒಂದು ಮಾತು. ತೆಗಲಾಲಾಂಗ್‌ನ ಮೆಟ್ಟಿಲುಗದ್ದೆಗಳ ಮೇಲೆ ಉಯ್ಯಾಲೆಯಲ್ಲಿ ತೇಲುವ ಉದ್ದ ಲಂಗದ ಯುವತಿ, ಇದು ಈಗ ಬಾಲಿಯ ಗುರುತಾಗಿಬಿಟ್ಟಿದೆ. ಆ ಗದ್ದೆಗೆ ನೀರು ಹೇಗೆ ಬಂದಿತೆಂಬುದನ್ನು ಅಡಿಬರಹಗಳು ಹೇಳುವುದಿಲ್ಲ. ಒಂದೇ ತೊರೆಯ ನೀರನ್ನು ಹಂಚಿಕೊಳ್ಳುವ ರೈತರ ಸಂಘಕ್ಕೆ ಸುಬಕ್ ಎಂದು ಹೆಸರು. ಯಾರ ಗದ್ದೆಗೆ ಯಾವಾಗ ನೀರು, ಯಾವಾಗ ನಾಟಿ, ಯಾವಾಗ ಗದ್ದೆಯನ್ನು ಬೀಳು ಬಿಡಬೇಕು ಎಂಬುದನ್ನು ರೈತರು ಜಲದೇವಾಲಯಗಳ ಆಶ್ರಯದಲ್ಲಿ ಕೂಡಿ ತೀರ್ಮಾನಿಸುತ್ತಾರೆ. ಬತೂರ್ ಸರೋವರದ ದೇವಿಯ ದೇವಾಲಯ ಈ ವ್ಯವಸ್ಥೆಯ ತಲೆಯಲ್ಲಿದೆ. 1970ರ ದಶಕದಲ್ಲಿ ಹಸಿರು ಕ್ರಾಂತಿಯ ಹೆಸರಿನಲ್ಲಿ ರೈತರು ಈ ಸರದಿಯನ್ನು ಬಿಟ್ಟು ಎಡೆಬಿಡದೆ ಬೆಳೆಯಬೇಕೆಂದು ಸರ್ಕಾರ ಒತ್ತಾಯಿಸಿದಾಗ ನೀರಿನ ಕೊರತೆಯಾಯಿತು, ಕೀಟಗಳ ಹಾವಳಿ ಹೆಚ್ಚಿತು. ಅಕ್ಕಪಕ್ಕದ ಗದ್ದೆಗಳನ್ನು ಒಂದೇ ಕಾಲಕ್ಕೆ ಬೀಳು ಬಿಡುವುದರಿಂದ ಕೀಟಗಳಿಗೆ ನೆಲೆ ತಪ್ಪುತ್ತದೆ ಎಂಬ ಹಳೆಯ ವ್ಯವಸ್ಥೆಯ ಮರ್ಮವನ್ನು ಸ್ಟೀಫನ್ ಲ್ಯಾನ್ಸಿಂಗ್ ಎಂಬ ವಿದ್ವಾಂಸರು ಮುಂದೆ ಗಣಕಯಂತ್ರದ ಮಾದರಿಗಳಿಂದ ತೋರಿಸಿದರು. ಯುನೆಸ್ಕೊ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡದ್ದು ಬರಿಯ ಹಸಿರು ನೋಟವನ್ನಲ್ಲ, ಜತಿಲುವಿಯಂಥ ಗದ್ದೆಬಯಲುಗಳ ಜೊತೆಗೆ ಈ ಸುಬಕ್ ವ್ಯವಸ್ಥೆಯನ್ನು. ನೆಟ್ಟ ಹೊಸತರಲ್ಲಿ ಬೆಳಗಿನ ಆರು ಗಂಟೆಯ ಹೊತ್ತಿಗೆ ಗದ್ದೆಯ ನೀರಿನಲ್ಲಿ ಆಕಾಶ ನಿಜವಾಗಿಯೇ ಮೂಡುತ್ತದೆ. ಆಗ ಬದುವಿನ ಮೂಲೆಯ ಪುಟ್ಟ ಗುಡಿಯ ಮುಂದೆ ಚನಾಂಗ್ ಸಾರಿ ಎಂಬ, ತೆಂಗಿನ ಗರಿಯ ನೈವೇದ್ಯದ ತಟ್ಟೆ ಇಟ್ಟು ಊದುಬತ್ತಿ ಹಚ್ಚುವ ರೈತ ಮಹಿಳೆ ಕಾಣುತ್ತಾರೆ. ಆ ಪುಟ್ಟ ತಟ್ಟೆಯ ಹೂಗಳೂ ದಿಕ್ಕು ನೋಡಿ ಇಟ್ಟವು: ಪೂರ್ವಕ್ಕೆ ಬಿಳಿ, ದಕ್ಷಿಣಕ್ಕೆ ಕೆಂಪು, ಪಶ್ಚಿಮಕ್ಕೆ ಹಳದಿ. ಉಯ್ಯಾಲೆಯ ಚಿತ್ರಕ್ಕೆ ಕೊಟ್ಟ ಜಾಗವನ್ನು ಇದಕ್ಕೆ ಕೊಡಬಹುದಿತ್ತು.

ಪ್ರವಾಸಿಗರ ವರ್ತನೆ ಮಿತಿಮೀರಿದ್ದರಿಂದ ಬಾಲಿಯ ಸರ್ಕಾರವೇ ಈಗ ನಿಯಮಗಳನ್ನು ಬರೆದು ಕೊಡುತ್ತಿದೆ. ಪವಿತ್ರವೆಂದು ಪೂಜಿಸುವ ಮರದ ಬುಡದಲ್ಲಿ, ಅಗುಂಗ್‌ನ ನೆತ್ತಿಯಲ್ಲಿ ಬತ್ತಲೆಯೋ ಅರೆಬತ್ತಲೆಯೋ ಚಿತ್ರ ತೆಗೆಸಿಕೊಂಡ ವಿದೇಶಿಯರನ್ನು 2022 ಮತ್ತು 2023ರಲ್ಲಿ ದೇಶದಿಂದ ಹೊರಹಾಕಲಾಯಿತು. ಗವರ್ನರ್ ವಯಾನ್ ಕೋಸ್ಟರ್ 2023ರಲ್ಲಿ ವಿದೇಶಿ ಪ್ರವಾಸಿಗರಿಗೆ ಮಾಡಬೇಕಾದ, ಮಾಡಬಾರದ ಸಂಗತಿಗಳ ಸುತ್ತೋಲೆ ಹೊರಡಿಸಿ, 2025ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿದರು. 2024ರ ಫೆಬ್ರುವರಿ 14ರಿಂದ ಪ್ರತಿಯೊಬ್ಬ ವಿದೇಶಿ ಪ್ರವಾಸಿಯೂ 1,50,000 ರುಪಿಯಾ ಶುಲ್ಕ ಕಟ್ಟಬೇಕು; ಅದು ವೀಸಾ ಶುಲ್ಕಕ್ಕೆ ಹೊರತಾದದ್ದು. ಲೇಖನದ ಖರ್ಚುವೆಚ್ಚದ ಪಟ್ಟಿಯಲ್ಲಿ ಇದು ಬಿಟ್ಟುಹೋಗಿದೆ. ದೇವಾಲಯಕ್ಕೆ ಹೋಗುವವರು ಕಾಮೆನ್ ಎಂಬ ಉಡುವಸ್ತ್ರವನ್ನುಟ್ಟು ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳಬೇಕು. ಪೂಜೆ ಮಾಡುತ್ತಿರುವ ಪೆಮಂಕುವಿಗಿಂತ, ಅಂದರೆ ದೇವಾಲಯದ ಅರ್ಚಕರಿಗಿಂತ, ಎತ್ತರದ ಜಾಗ ಹತ್ತಿ ನಿಲ್ಲಬಾರದು, ಕುಳಿತು ಪ್ರಾರ್ಥಿಸುವವರ ಎದುರಿನಿಂದ ಹಾಯಬಾರದು, ಫ್ಲ್ಯಾಶ್ ಬಳಸಬಾರದು. ಇವು ಯಾವ ಛಾಯಾಗ್ರಾಹಕರಿಗೂ ಭಾರವಾಗುವ ನಿಯಮಗಳಲ್ಲ. ನೆಲದ ಮಟ್ಟದಲ್ಲಿ ಕುಳಿತು ತೆಗೆದ ಚಿತ್ರ ಬಹುತೇಕ ಸಲ ನಿಂತು ತೆಗೆದದ್ದಕ್ಕಿಂತ ಚೆನ್ನಾಗಿಯೇ ಬರುತ್ತದೆ.

ಯುಗಾದಿಯ ರಜೆಗೆ ಬಾಲಿ ಪ್ರವಾಸ ಏರ್ಪಡಿಸುವವರು ಗಮನಿಸಬೇಕಾದದ್ದು ಇನ್ನೊಂದಿದೆ. ಬಾಲಿಯ ಶಕ ವರ್ಷದ ಮೊದಲ ದಿನವಾದ ನ್ಯೆಪಿ ಸಾಮಾನ್ಯವಾಗಿ ಮಾರ್ಚ್ ತಿಂಗಳಲ್ಲಿ ಬರುತ್ತದೆ. ಕೆಲವು ವರ್ಷ, 2023ರ ಮಾರ್ಚ್ 22ರಂತೆ, ನಮ್ಮ ಯುಗಾದಿಯೂ ಅದೇ ದಿನ ಇರುತ್ತದೆ. ಹಿಂದಿನ ಸಂಜೆ ಓಗೊ-ಓಗೊ ಎಂಬ ದೈತ್ಯಾಕಾರದ ಬೊಂಬೆಗಳ ಮೆರವಣಿಗೆ ಬೀದಿ ಬೀದಿಯಲ್ಲಿ ನಡೆಯುತ್ತದೆ, ಎಷ್ಟು ಬೇಕಾದರೂ ಚಿತ್ರ ತೆಗೆಯಬಹುದು. ಮರುದಿನ ಬೆಳಗಿನಿಂದ 24 ಗಂಟೆ ಬೆಂಕಿಯಿಲ್ಲ, ದೀಪವಿಲ್ಲ, ಕೆಲಸವಿಲ್ಲ, ಸಂಚಾರವಿಲ್ಲ, ಮನರಂಜನೆಯಿಲ್ಲ. ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ. 2018ರಿಂದೀಚೆಗೆ ಮೊಬೈಲ್ ಇಂಟರ್ನೆಟ್ಟನ್ನೂ ನಿಲ್ಲಿಸುತ್ತಾರೆ. ಪೆಚಲಾಂಗ್ ಎಂಬ ಊರಕಾವಲಿನವರು ಸುತ್ತುತ್ತಿರುತ್ತಾರೆ. ನಿರ್ಜನ ಬೀದಿಯ ಚಿತ್ರ ತೆಗೆಯಬೇಕೆಂದು ಹೋಟೆಲಿನಿಂದ ಹೊರಗೆ ಕಾಲಿಟ್ಟವರನ್ನು ಒಳಗೆ ಕಳಿಸುತ್ತಾರೆ. ಪ್ರವಾಸದ ಒಂದು ದಿನ ವ್ಯರ್ಥವಾಯಿತೆಂದು ಹೋಟೆಲಿನವರೊಡನೆ ಜಗಳವಾಡುವ ಬದಲು, ಇಡೀ ದ್ವೀಪ ದೀಪವಾರಿಸಿದ ಆ ರಾತ್ರಿಯ ನಕ್ಷತ್ರಗಳನ್ನು ಹೋಟೆಲಿನ ಅಂಗಳದಿಂದಲೇ ನೋಡಬಹುದು.

ಇಷ್ಟು ಬರೆದ ಮೇಲೆ ತಮ್ಮಲ್ಲಿ ನನ್ನ ವಿನಂತಿ ಇದು. ಪ್ರವಾಸ ಪುರವಣಿಗೆ ಬರುವ ಚಿತ್ರಗಳ ಜೊತೆಗೆ ಸ್ಥಳದ ಸರಿಯಾದ ಹೆಸರು, ತೆಗೆದ ಸಂದರ್ಭ, ಅದು ಪೂಜೆಯೋ ಪ್ರದರ್ಶನವೋ ಎಂಬ ವಿವರವನ್ನು ಕಳಿಸಿದವರಿಂದ ಕೇಳಿ ಪಡೆದು ಅಚ್ಚು ಮಾಡಿ. ಮೀಯುತ್ತಿರುವವರ, ಆವೇಶದಲ್ಲಿರುವವರ, ದಹನವಿಧಿಯಲ್ಲಿ ಶವದ ಬಳಿ ನಿಂತಿರುವ ಮನೆಯವರ ಮುಖ ಗುರುತು ಹಿಡಿಯುವಂತಿರುವ ಚಿತ್ರಗಳನ್ನು, ಅವರ ಒಪ್ಪಿಗೆಯಿದ್ದುದು ತಿಳಿಯದಿದ್ದರೆ, ಬಿಟ್ಟುಬಿಡಿ. ಶವಗಳನ್ನು ಹೂಳದೆ, ಸುಡದೆ ಮರದಡಿಯಲ್ಲಿ ಇಡುವ ತ್ರುನ್ಯಾನ್ ಗ್ರಾಮದ ತಲೆಬುರುಡೆಗಳ ಚಿತ್ರವನ್ನು ಲೇಖನದ ಮೂಲೆಯಲ್ಲಿ ‘ವಿಚಿತ್ರ ಲೋಕ’ ಎಂದು ಹಾಕಿದ್ದು ನನಗೆ ಬಹಳ ನೋವುಂಟುಮಾಡಿತು. ಅವು ಆ ಊರಿನವರ ಅಜ್ಜ ಅಜ್ಜಿಯರ ತಲೆಗಳು.

ಬೆಂಗಳೂರು, ಮೈಸೂರುಗಳಿಂದ ಬಾಲಿಗೆ ಛಾಯಾಗ್ರಹಣ ಪ್ರವಾಸಗಳನ್ನು ನಡೆಸುವ ಸಂಘಗಳಿಗೂ ಸಂಸ್ಥೆಗಳಿಗೂ ತಮ್ಮ ಪತ್ರಿಕೆಯ ಮೂಲಕ ಒಂದು ಸಲಹೆ: ಇಡಾ ಬಾಗುಸ್ ಮಂತ್ರ ಅವರ ಕಾಲದಲ್ಲಿ, 1979ರಲ್ಲಿ, ಆರಂಭವಾದ ಬಾಲಿ ಕಲಾ ಉತ್ಸವ ಪ್ರತಿವರ್ಷ ಜೂನ್-ಜುಲೈ ತಿಂಗಳುಗಳಲ್ಲಿ ಡೆನ್‌ಪಸಾರ್‌ನಲ್ಲಿ ನಡೆಯುತ್ತದೆ. ದ್ವೀಪದ ಎಲ್ಲ ಸೀಮೆಗಳ ಮೇಳಗಳೂ ಅಲ್ಲಿಗೆ ಬರುತ್ತವೆ, ನೋಡುವವರಿಗೂ ಚಿತ್ರ ತೆಗೆಯುವವರಿಗೂ ಮುಕ್ತ ಸ್ವಾಗತವಿರುತ್ತದೆ. ಅದು ಮಳೆಯಿಲ್ಲದ ಕಾಲವೂ ಹೌದು. ಮೊದಲ ಸಲ ಹೋಗುವವರ ಪ್ರವಾಸವನ್ನು ಆ ಉತ್ಸವದ ಸುತ್ತ ಹೊಂದಿಸಿ, ಹಳ್ಳಿಯ ಓಡಾಲನ್‌ಗೆ ಅಲ್ಲಿನ ಬಂಜಾರ್‌ನವರು ಕರೆದರೆ ಮಾತ್ರ ಹೋಗುವ ಪದ್ಧತಿಯನ್ನು ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ಓರ್ವ ಹವ್ಯಾಸಿ ಛಾಯಾಗ್ರಾಹಕ, ಮೈಸೂರು